ಒಂದು ಸೀರೆ, ಆರು ಮೊಳ

ನಮ್ಮ ಮಾವ ಅಳೆಯದೆ ಬಿಟ್ಟ ವಸ್ತು ಈ ಭೂಮಿಯ ಮೇಲೆ ಒಂದೇ ಒಂದು. ಅದು ಯಾವುದೆಂದು ಈಗಲೇ ಹೇಳಿಬಿಟ್ಟರೆ ಅವರ ಮರ್ಯಾದೆ ಮೊದಲ ಸಾಲಿನಲ್ಲೇ ಹೋಗುತ್ತದೆ. ನನಗೆ ಅನ್ನ ಹಾಕಿದವರು, ಸ್ವಲ್ಪ ಹೊತ್ತು ಕಾಪಾಡೋಣ. ಉಳಿದದ್ದೆಲ್ಲದರ ಅಳತೆಯೂ ಅವರ ಜೇಬಿನ ನೀಲಿ ಪುಸ್ತಕದಲ್ಲಿದೆ. ಅತ್ತೆಯ ದೋಸೆಯ ವ್ಯಾಸ ಇದೆ. ಮನೆಯಿಂದ ಬಸ್ ಸ್ಟಾಪಿಗೆ ಎಷ್ಟು ಹೆಜ್ಜೆ ಎಂಬುದಿದೆ. ಮಳೆ ಬಂದಾಗ ಎಷ್ಟು ಎಂಬುದು ಬೇರೆ ಪುಟದಲ್ಲಿದೆ!

ನಾನು ಓದಲೆಂದು ನ್ಯೂಜಿಲೆಂಡಿಗೆ ಬಂದು, ನ್ಯೂ ಲಿನ್ ಎಂಬ ಬಡಾವಣೆಯಲ್ಲಿ ಅವರ ಮನೆಯ ಹಿಂದಿನ ಕೋಣೆ ಸೇರಿದ ದಿನ, ಕಾಫಿ ಕೊಡುವುದಕ್ಕೂ ಮೊದಲು ನನ್ನನ್ನು ಬಾಗಿಲಿನ ಚೌಕಟ್ಟಿಗೆ ಒರಗಿಸಿ, ನೆತ್ತಿಯ ಮೇಲೆ ಪುಸ್ತಕ ಇಟ್ಟು ಪೆನ್ಸಿಲಿನಿಂದ ಗೆರೆ ಎಳೆದರು. "ಹ್ಞುಂ... ಐದಡಿ ಮೂರೂವರೆ ಇಂಚು." ನಾನು ಅಲ್ಲಿಯವರೆಗೆ ಐದಡಿ ಐದು ಎಂದು ನಂಬಿ, ಆ ನಂಬಿಕೆಯ ಮೇಲೆ ಒಂದೆರಡು ಪ್ರೇಮಪ್ರಕರಣಗಳನ್ನೂ ಯೋಜಿಸಿಕೊಂಡಿದ್ದವನು. ಸ್ವಂತ ಅಕ್ಕನ ಮಗನಿಂದ ಒಂದೂವರೆ ಇಂಚು ಕಿತ್ತುಕೊಳ್ಳುವ ಸೋದರಮಾವನನ್ನು ನೀವೆಲ್ಲಾದರೂ ಕಂಡಿದ್ದೀರಾ?

ಸೇಡು ತೀರಿಸಿಕೊಳ್ಳಲು ನನ್ನ ಬಳಿ ಇದ್ದದ್ದು ಗಂಟಲೊಂದೇ. ಆ "ಹ್ಞುಂ" ಅನ್ನು ಒಂದೇ ವಾರದಲ್ಲಿ ಕರಗತ ಮಾಡಿಕೊಂಡೆ. ಊಟದ ಹೊತ್ತಿಗೆ ಹಪ್ಪಳ ಎತ್ತಿ ಹಿಡಿದು, ಒಂದು ಕಣ್ಣು ಮುಚ್ಚಿ, "ಹ್ಞುಂ... ಅಂಚು ಸ್ವಲ್ಪ ಓರೆಯಾಗಿದೆ ಕಣೇ" ಎಂದರೆ ಅತ್ತೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ಆ ಮನೆಯಲ್ಲಿ ನಗುವಿನ ಸರಬರಾಜುದಾರ ನಾನೊಬ್ಬನೇ ಎಂದು ಬೀಗುತ್ತಿದ್ದೆ. ಆದರೆ ಆ ಚಳಿಗಾಲದ ಒಂದು ದಿನ ಹಪ್ಪಳ ಎತ್ತಿದೆ, ಹ್ಞುಂ ಎಂದೆ, ಅತ್ತೆ ನಗಲಿಲ್ಲ.

"ಮಾರ್ಚ್‌ಗೆ ನಾನು ಮೈಸೂರಿಗೆ ಹೊರಡ್ತೀನಿ," ಎಂದರು ಸಾರು ಬಡಿಸುತ್ತ. "ತಂಗಿ ಮನೇಲಿ ಇರ್ತೀನಿ. ಬರೋ ಟಿಕೆಟ್ ಬೇಡ."

ಮಾವ ಸೌಟನ್ನೇ ನೋಡುತ್ತಿದ್ದರು. "ಎಷ್ಟು ದಿನಕ್ಕೆ?"

"ಅದಕ್ಕೆ ಅಳತೆ ಇಲ್ಲ ಕಣ್ರೀ."

ಜಗಳ ಆಗಿರಲಿಲ್ಲ, ಕಾಯಿಲೆ ಇರಲಿಲ್ಲ. ಅತ್ತೆಯ ತಕರಾರು ಒಂದೇ: "ಈ ಊರಲ್ಲಿ ಮನೆ ಮುಂದೆ ಯಾರೂ ಓಡಾಡಲ್ಲ ಕಣೋ." ಮೈಸೂರಿನ ವಠಾರದಲ್ಲಿ ಅವರಿಗೊಂದು ಜಗಲಿ ಇತ್ತಂತೆ. ಬೆಳಿಗ್ಗೆ ಮೊರದಲ್ಲಿ ಸೊಪ್ಪು ಹಾಕಿಕೊಂಡು ಕುಳಿತರೆ, ನಲ್ಲಿಗೆ ಹೋಗುವವರು, ಹಾಲಿಗೆ ಹೋಗುವವರು, ಸುಮ್ಮನೆ ಹೋಗುವವರು ಎಲ್ಲರೂ ನಿಂತು ವರದಿ ಒಪ್ಪಿಸಿಯೇ ಮುಂದೆ ಹೋಗಬೇಕು. ಇಲ್ಲಿ? ರಸ್ತೆಯ ತಿರುವಿನಲ್ಲೇ ರಿಮೋಟ್ ಒತ್ತುತ್ತಾರೆ, ಗ್ಯಾರೇಜಿನ ಬಾಗಿಲು ಬಾಯಿ ತೆರೆದು ಕಾರನ್ನು ನುಂಗುತ್ತದೆ, ಮುಗಿಯಿತು. ನಾಲ್ಕು ವರ್ಷದಲ್ಲಿ ಅತ್ತೆಗೆ ಪಕ್ಕದ ಮನೆಯವರ ಮುಖಕ್ಕಿಂತ ಅವರ ಗ್ಯಾರೇಜಿನ ಬಾಗಿಲೇ ಹೆಚ್ಚು ಪರಿಚಯ. ಮಗಳು ವೆಲ್ಲಿಂಗ್ಟನ್ನಿನಲ್ಲಿದ್ದಳು, ವಾರಕ್ಕೊಮ್ಮೆ ಫೋನು ಮಾಡಿ "ಮಮ್, ಜಾಯಿನ್ ಎ ಕ್ಲಬ್" ಎನ್ನುತ್ತಿದ್ದಳು. ಜಗಲಿಯಲ್ಲಿ ಕೂರುವುದಕ್ಕೆ ಯಾವ ಕ್ಲಬ್ಬಿದೆ, ನೀವೇ ಹೇಳಿ.

ಬೇರೆ ಗಂಡಸರಾಗಿದ್ದರೆ ಹೆಂಡತಿಯನ್ನು ಸಮಾಧಾನ ಮಾಡುತ್ತಿದ್ದರು. ನಮ್ಮ ಮಾವ ಸಿವಿಲ್ ಎಂಜಿನಿಯರು. ಅವರಿಗೆ ಇದು ಜಗಲಿ ಕಟ್ಟುವ ಕೆಲಸವಾಗಿ ಕಂಡಿತು! ಆಫೀಸಿನ ಸ್ನೇಹಿತರೊಬ್ಬರನ್ನು ನೋಡಲು, ಜನ ರಜೆಗೆ ಬೀಡುಬಿಡುವ ಕಡಲತೀರದ ಕ್ಯಾಂಪಿಗೆ ಹೋದವರು ಕಣ್ಣರಳಿಸಿಕೊಂಡು ಬಂದರು.

"ಅಲ್ಲಿ ಎಲ್ಲರಿಗೂ ಸೇರಿ ಒಂದೇ ಬಚ್ಚಲುಮನೆ ಕಣೋ! ಎಂಥಾ ಸಾಹೇಬನಾದ್ರೂ ಹೆಗಲ ಮೇಲೆ ಟವಲ್ ಹಾಕ್ಕೊಂಡು, ಬಾಯಲ್ಲಿ ಬ್ರಷ್ ಇಟ್ಕೊಂಡು, ಎಲ್ಲರ ಬಾಗಿಲ ಮುಂದೇನೇ ಹೋಗ್ಬೇಕು. ಅದು ಕ್ಯಾಂಪಲ್ಲ, ವಠಾರ!"

ಎರಡೇ ವಾರದಲ್ಲಿ ನಮ್ಮ ಮನೆಯ ಪಕ್ಕದ ಸಂದಿಯಲ್ಲಿ, ಬೇಲಿಗೆ ಒರಗಿಕೊಂಡು, ಕಾರಿನ ಹಿಂದೆ ಕಟ್ಟಿ ಎಳೆಯುವ ಗಾಡಿಮನೆ, ಪಾಚಿ ಹಿಡಿದ ಹಳೆಯ ಕ್ಯಾರವಾನೊಂದು ನಿಂತಿತು. ಕ್ರಿಸ್ಮಸ್ ರಜೆಗೆ, ಅಂದರೆ ಇಲ್ಲಿನ ಬೇಸಿಗೆಗೆ, ಕೋರಮಂಡಲ್ ತೀರದಲ್ಲಿ ಜಾಗವೂ ಕಾಯ್ದಿರಿಸಿದ್ದಾಯಿತು. ಅತ್ತೆ ಒಳಗೆ ಇಣುಕಿ, ಮೂಗಿಗೆ ಸೆರಗು ಹಿಡಿದು, ಒಂದೇ ಪ್ರಶ್ನೆ ಕೇಳಿದರು: "ಜಗಲಿ ಎಲ್ರೀ?"

ಆನಿಂಗ್ ಎಂಬ ಶನಿ ನಮ್ಮ ಮನೆ ಹೊಕ್ಕಿದ್ದು ಹೀಗೆ. ಕ್ಯಾರವಾನಿನ ಪಕ್ಕಕ್ಕೆ ಸಿಕ್ಕಿಸುವ ಬಟ್ಟೆಯ ಚಪ್ಪರ ಅದು. ಮೂರು ಕಡೆ ಗೋಡೆ, ಮೇಲೆ ಮಾಡು, ಎದುರಿಗೆ ಬಾಗಿಲು. ಹೊಸದನ್ನು ಕೊಳ್ಳುವ ಮಾತೇ ಇಲ್ಲ, ಕ್ಯಾರವಾನಿಗಿಂತ ಅದಕ್ಕೇ ಬೆಲೆ ಜಾಸ್ತಿ! ಹಳೆಯದನ್ನು ಹುಡುಕಬೇಕು. ಹಳೆಯದರ ಅಳತೆ ನಮ್ಮದಕ್ಕೆ ಹೊಂದಬೇಕು. ಅಳತೆ ಎಂದ ಕೂಡಲೇ ಮಾವನ ಮುಖದಲ್ಲಿ ಮದುಮಗನ ಕಳೆ ಬಂತು. ನನ್ನ ಮುಖದಲ್ಲಿ ಏನು ಬಂತೆಂದು ಯಾರೂ ನೋಡಲಿಲ್ಲ.

ಹ್ಯಾಮಿಲ್ಟನ್ನಿನವನೊಬ್ಬ ಇಂಟರ್ನೆಟ್ಟಿನಲ್ಲಿ ಹಾಕಿದ್ದ: ಹದಿನಾರು ಅಡಿಯ ಕ್ಯಾರವಾನಿಗೆ ಆಗುವಂಥದ್ದು. ಸರಿ, ನಮ್ಮದೂ ಹದಿನಾರು ಅಡಿಯದೇ ಎಂದು ಮಾರಿದವನು ಹೇಳಿದ್ದ. ಇಬ್ಬರು ಗಂಡಸರು ಹೇಳಿದ ಮಾತು ಒಂದೇ ಆದಾಗ ಮೂರನೆಯವನು ಸುಮ್ಮನಿರಬೇಡವೇ? ಮಾವ ಟೇಪು ತಂದು ಅಳೆದರು. ಮುಂದಿನ ಕೊಕ್ಕೆಯಿಂದ ಹಿಂದಿನ ದೀಪದವರೆಗೆ ಹತ್ತೊಂಬತ್ತು ಅಡಿ. ಹೊರಗೋಡೆಯಿಂದ ಹೊರಗೋಡೆಗೆ ಹದಿನೈದೂವರೆ. ಒಳಗೆ ಹದಿನೈದು.

"ಹದಿನಾರು ಎಲ್ಲಿದ್ಯೋ?" ಎಂದು ಕ್ಯಾರವಾನಿನ ಕೆಳಗೆಲ್ಲ ತೂರಿ ಹುಡುಕಿದರು. ಕಳೆದುಹೋದ ಆ ಅಡಿಗಾಗಿ ನಾನು ಸಂಜೆಯ ಊಟ ತಪ್ಪಿಸಿಕೊಂಡೆ.

ಮರುದಿನ ಆನಿಂಗ್ ಮಾರುವ ಅಂಗಡಿಗೆ ಫೋನು ಮಾಡಿದರು. ಆ ಕಡೆಯವನು ಬೇಸರದ ದನಿಯಲ್ಲಿ, "ಗ್ರೌಂಡ್ ಟು ಗ್ರೌಂಡ್, ಮೇಟ್," ಎಂದನಂತೆ. ಕ್ಯಾರವಾನಿನ ಪಕ್ಕದಲ್ಲಿ ಒಂದು ಸಣ್ಣ ಕಾಲುವೆಯಂಥ ಪಟ್ಟಿ ಇರುತ್ತದೆ. ಹಿಂದಿನ ಬುಡದಿಂದ ಮೇಲೇರಿ, ಮಾಡಿನ ಅಂಚಿನುದ್ದಕ್ಕೂ ಹೋಗಿ, ಮುಂದಿನ ಬುಡಕ್ಕೆ ಇಳಿಯುತ್ತದೆ. ಲಂಗಕ್ಕೆ ಲಾಡಿ ಪೋಣಿಸಿದ ಹಾಗೆ ಆನಿಂಗಿನ ಅಂಚನ್ನು ಅದರೊಳಗೆ ಪೋಣಿಸಬೇಕು. ಆದ್ದರಿಂದ ಈ ತುದಿಯ ನೆಲದಿಂದ ಹತ್ತಿ ಆ ತುದಿಯ ನೆಲ ಮುಟ್ಟುವವರೆಗೂ ಅಳೆದದ್ದೇ ಅಳತೆ.

ಮಾವ ಫೋನಿಟ್ಟು ವೇದಾಂತಿಯಂತೆ ಕುಳಿತರು. "ನೆಲದಿಂದ ಎದ್ದು, ಒಂದಿಷ್ಟು ಮೇಲೆ ಓಡಾಡಿ, ಮತ್ತೆ ನೆಲಕ್ಕೆ. ಮನುಷ್ಯನ ಬಾಳೂ ಅಷ್ಟೇ ಅಲ್ವೇನೋ?"

"ಬಾಳಿಗೆ ಯಾರೂ ಏಣಿ ಹಿಡ್ಕೊಂಡು ನಿಲ್ಲೋದಿಲ್ಲ ಮಾವ," ಎಂದೆ. ಏಣಿ ಹಿಡಿಯುವವನು ನಾನೇ ಎಂದು ಗೊತ್ತಿತ್ತು.

ಸ್ಟೀಲಿನ ಟೇಪು ಐದು ಮೀಟರಿಗೆ ಮುಗಿಯುತ್ತದೆ, ಮೇಲಾಗಿ ತಿರುವಿನಲ್ಲಿ ಬಗ್ಗುವುದಿಲ್ಲ. ಬಟ್ಟೆ ಒಣಗಿಸುವ ನೈಲಾನ್ ಹಗ್ಗ ತಂದೆವು. ಮೂರು ಸಲ ಅಳೆದರೆ ಮೂರು ಉತ್ತರ!

"ನೀನು ಎಳೀತಿದ್ದೀಯ."

"ನಾನು ಉಸಿರೂ ಎಳೀತಿಲ್ಲ ಮಾವ."

"ಹಗ್ಗ ಉದ್ದ ಆಗ್ತಿದೆ."

"ನನಗೂ ಅದನ್ನೇ ಕಟ್ಟಿ ಎಳೀರಿ, ಹೋದ ಒಂದೂವರೆ ಇಂಚಾದ್ರೂ ವಾಪಸ್ ಬರ್ಲಿ!"

ಆಗ ಮಾವನ ತಲೆಯಲ್ಲಿ ದೀಪ ಹತ್ತಿತು. ಉದ್ದವಾಗಿರಬೇಕು, ಬಗ್ಗಬೇಕು, ಹಿಗ್ಗಬಾರದು. ಅಂಥದ್ದು ಕರ್ನಾಟಕದ ಪ್ರತಿ ಮನೆಯ ಬೀರುವಿನಲ್ಲಿಯೂ ಮಡಿಸಿಟ್ಟಿದೆ! "ಲೇ, ಒಂದು ಸೀರೆ ಕೊಡೇ!"

ಅತ್ತೆ ಬೀರುವಿನ ತಳಕ್ಕೆ ಕೈ ಹಾಕಿ, ಗುಲಾಬಿ ಬಣ್ಣದ್ದೊಂದನ್ನು ಮಡಿಕೆ ಬಿಚ್ಚದೆ ಎಸೆದರು. "ತಗೊಳ್ಳಿ, ನಿಮ್ಮಕ್ಕ ಕೊಟ್ಟಿದ್ದು. ಕೊನೆಗೂ ಒಂದು ಉಪಯೋಗಕ್ಕೆ ಬಂತು." ಅವರ ಅಕ್ಕ ಎಂದರೆ ನನ್ನ ತಾಯಿ. ನಾನು ಕಿವುಡನಂತೆ ನಟಿಸಿದೆ. ಅದೂ ನನಗೆ ಚೆನ್ನಾಗಿ ಬರುತ್ತದೆ.

ಅಮ್ಮ ಆರಿಸಿ ಆರಿಸಿ ಕೊಂಡ ಆ ಸೀರೆ ಹಿಂದಿನ ಬುಡದಿಂದ ಹೊರಟು, ಪಾಚಿಯ ಮೇಲೆ ಹರಿದು, ಮುಂದೆ ಕಿಟಕಿಯ ಹತ್ತಿರ ಬಂದು ಮುಗಿಯಿತು. ಉಳಿದದ್ದನ್ನು ಮಾವ ಮೊಣಕೈಯಿಂದ ಬೆರಳ ತುದಿಯವರೆಗೆ, ಹೂವಾಡಗಿತ್ತಿಯ ಹಾಗೆ, ಮೊಳ ಹಾಕಿ ಮುಗಿಸಿದರು. ನೀಲಿ ಪುಸ್ತಕದಲ್ಲಿ ಬರೆದರು: ಒಂದು ಸೀರೆ, ಆರು ಮೊಳ.

"ಸೀರೆ ಎಷ್ಟುದ್ದ ಅಂತ ಅಳೀಬೇಡ್ವಾ ಮಾವ?" ಎಂದು ನಾನು ಕೇಳಿದೆ. ಆಣೆ ಮಾಡಿ ಹೇಳುತ್ತೇನೆ, ಕೇಳಿದೆ!

ಮಾವ ನನ್ನನ್ನು ಕನಿಕರದಿಂದ ನೋಡಿದರು. "ಲೋ, ಸೀರೇನೇ ಅಳತೆಗೋಲು. ಮೀಟರ್ ಕಡ್ಡೀನ ಯಾರಾದ್ರೂ ಅಳೀತಾರೇನೋ? ಸೀರೆ ಅಂದ್ರೆ ಸೀರೆ. ಎಲ್ಲಾ ಒಂದೇ ಉದ್ದ. ಅದು ಸ್ಟ್ಯಾಂಡರ್ಡ್."

ಈಗ ನಿಮಗೆ ತಿಳಿಯಿತಲ್ಲ, ಮಾವ ಅಳೆಯದೆ ಬಿಟ್ಟ ಆ ಒಂದು ವಸ್ತು ಯಾವುದೆಂದು.

ಹ್ಯಾಮಿಲ್ಟನ್ನಿನವನಿಗೆ ಫೋನು ಮಾಡುವ ಕೆಲಸ ನನ್ನದಾಯಿತು. ಅಪ್ಪಟ ನ್ಯೂಜಿಲೆಂಡಿನವನಂತೆ ಮಾತಾಡಿದರೆ ಬೆಲೆ ಇಳಿಸುತ್ತಾನೆಂಬ ಭರವಸೆಯಿಂದ, ಬಾಯಿ ಅರ್ಧ ಮಾತ್ರ ತೆರೆದು, "ಗಿಡೇ ಮೇಟ್" ಎಂದು ಶುರು ಮಾಡಿದೆ. ನನ್ನ ಕಲೆಯ ಬಗ್ಗೆ ನನಗೆ ಅಪಾರ ಗೌರವವಿತ್ತು. ಅವನು ಎಲ್ಲವನ್ನೂ ಕೇಳಿಸಿಕೊಂಡು, ಬಹಳ ಆತ್ಮೀಯವಾಗಿ, "ಸೌತ್ ಆಫ್ರಿಕಾದವನಾ ನೀನು?" ಎಂದ. ಬೆಲೆ ಇಳಿಯಲಿಲ್ಲ.

ಶನಿವಾರ ಹೊರಡಬೇಕು, ಗುಲಾಬಿ ಸೀರೆ ಪಾಚಿಯ ಕಲೆ ಬಿಡಿಸಲು ಬಕೆಟ್ಟಿನಲ್ಲಿ ನೆನೆಯುತ್ತಿತ್ತು. ಎಷ್ಟಾದರೂ ಗಂಡನ ಅಕ್ಕ ಕೊಟ್ಟದ್ದು, ಮುಂದೊಂದು ದಿನ ಉಡದಿದ್ದರೂ ತೋರಿಸಬೇಕಲ್ಲ! ಅತ್ತೆ ಬೇರೊಂದು ಕೊಟ್ಟರು: ಸಾಸಿವೆ ಬಣ್ಣದ, ಕೆಂಪಂಚಿನ, ಉಟ್ಟು ಉಟ್ಟು ಮೆತ್ತಗಾದ ಹತ್ತಿಯ ಸೀರೆ.

ಹ್ಯಾಮಿಲ್ಟನ್ನಿನವನು ತನ್ನ ಶೆಡ್ಡಿನ ಮುಂದೆ ಹುಲ್ಲಿನ ಮೇಲೆ ಆನಿಂಗ್ ಹಾಸಿದ. ಅಳತೆ ಬರೆದ ಚೀಟಿ ಮೂಲೆಯಲ್ಲಿ ಹೊಲಿದಿರುತ್ತಾರಂತೆ. ಇತ್ತು, ಆದರೆ ಇಲಿ ತಿಂದಿತ್ತು. ಅಷ್ಟು ದೊಡ್ಡ ಬಟ್ಟೆಯಲ್ಲಿ ಆ ಇಲಿಯ ನಾಲಿಗೆಗೆ ಹಿಡಿಸಿದ್ದು ಎರಡಿಂಚಿನ ಆ ಚೀಟಿಯೊಂದೇ! ಟೇಪು ಕೊಡಲೇ ಎಂದು ಅವನು ಕೇಳಿದ. ಮಾವ ಬೇಡ ಎಂದು ಕೈಯಾಡಿಸಿದರು. "ಅಲ್ಲಿ ಸೇರಿನಲ್ಲಿ ಅಳೆದು ಇಲ್ಲಿ ಪಾವಿನಲ್ಲಿ ಅಳೆಯೋಕಾಗುತ್ತೇನೋ? ಎರಡು ಕಡೇನೂ ಒಂದೇ ಮಾನ ಇರ್ಬೇಕು," ಎಂದು ನನಗೆ ಪಾಠ ಹೇಳಿ, ಸೀರೆ ಬಿಚ್ಚಿದರು. ಹುಲ್ಲಿನ ಮೇಲೆ ಅಂಚಿಗೆ ಅಂಚು ಸೇರಿಸಿ ಹಾಸಿದೆವು. ಮಾವ ಮಂಡಿಯೂರಿ ಮೊಳ ಹಾಕುತ್ತ ಹೋದರು. ಆ ಮನುಷ್ಯ ತನ್ನ ಟೋಪಿ ತೆಗೆದು ಎದೆಗೆ ಹಿಡಿದುಕೊಂಡ. ಇದೇನೋ ಪೂಜೆ ಎಂದುಕೊಂಡನೋ ಏನೋ.

"...ನಾಲ್ಕು, ಐದು, ಆರು! ಒಂದು ಸೀರೆ, ಆರು ಮೊಳ! ಒಂದು ಬೆರಳೂ ಹೆಚ್ಚಿಲ್ಲ, ಕಮ್ಮಿ ಇಲ್ಲ ಕಣೋ!"

ದಾರಿಯುದ್ದಕ್ಕೂ ಮಾವ ಹಾಡು ಗುನುಗಿದರು. ಸೀರೆಯನ್ನು ಆನಿಂಗಿಗೇ ಸುತ್ತಿ ಕಟ್ಟಿದ್ದೆವು. ಮನೆಯಲ್ಲಿ ಹಾಕಿ ನೋಡೋಣವೆಂದರೆ ಕ್ಯಾರವಾನಿನ ಬಾಗಿಲಿನ ಕಡೆಗೆ ಬೇಲಿ, ಒಬ್ಬ ಮನುಷ್ಯ ಅಡ್ಡಡ್ಡ ನುಸುಳುವಷ್ಟೇ ಜಾಗ. "ಅಳೆದಿದ್ದೀನಿ, ನೋಡೋದೇನು?" ಎಂದರು ಮಾವ. ಅತ್ತೆ ಮಾತ್ರ ಮಾರ್ಚಿಗೆ ಕೊಂಡೊಯ್ಯುವ ಸಾಮಾನುಗಳನ್ನು ಸೂಟ್‌ಕೇಸಿನಲ್ಲಿ ಜೋಡಿಸಲು ಶುರು ಮಾಡಿದ್ದರು. ಸೂಟ್‌ಕೇಸಿನ ಮುಚ್ಚಳ ತೆರೆದೇ ಇತ್ತು. ಮಾವ ಅದರ ಪಕ್ಕದಲ್ಲಿ ದಿನಕ್ಕೆ ಹತ್ತು ಸಲ ಓಡಾಡುತ್ತಿದ್ದರು. ನಾನು ಲೆಕ್ಕ ಇಟ್ಟೆ, ಅವರು ಅದನ್ನೊಮ್ಮೆಯೂ ಅಳೆಯಲಿಲ್ಲ.

ಕೋರಮಂಡಲ್ಲಿನ ಕ್ಯಾಂಪಿನಲ್ಲಿ ನಮ್ಮ ಜಾಗ ಪೊಹುಟುಕಾವಾ ಮರದ ಕೆಳಗೆ, ಬಚ್ಚಲುಮನೆಗೆ ಹೋಗುವ ದಾರಿಯ ಪಕ್ಕದಲ್ಲೇ. ಮಾವ ನಕ್ಷೆ ನೋಡಿ ಆರಿಸಿದ್ದು. ಮರ ಕೆಂಪು ಹೂವು ಉದುರಿಸುತ್ತಿತ್ತು, ಗಾಳಿ ಬೀಸುತ್ತಿತ್ತು, ನಾವು ಲಾಡಿ ಪೋಣಿಸುತ್ತಿದ್ದೆವು. ಮಾವ ಹಿಂದಿನಿಂದ ತಳ್ಳಿದರು, ನಾನು ಏಣಿಯ ಮೇಲಿಂದ ಎಳೆದೆ. ಅಂಚು ಏರಿತು, ಮಾಡು ದಾಟಿತು, ಮುಂದೆ ಇಳಿಯತೊಡಗಿತು. ಇಳಿಯಿತು, ಇಳಿಯಿತು, ನಿಂತಿತು.

ನೆಲ ಇನ್ನೂ ದೂರವಿತ್ತು.

"ಎಳಿಯೋ!" ಎಂದರು ಮಾವ.

"ಮುಗೀತು ಮಾವ."

"ಮುಗಿಯೋಕೆ ಸಾಧ್ಯ ಇಲ್ಲ. ಆರು ಮೊಳ ಇತ್ತು."

ಬಿಚ್ಚಿದೆವು, ಮತ್ತೆ ಪೋಣಿಸಿದೆವು. ಈ ಸಲ ಮುಂದಿನ ತುದಿ ನೆಲ ಮುಟ್ಟಿತು, ಹಿಂದಿನದು ಗಾಳಿಯಲ್ಲಿ ತೂಗಾಡಿತು! ಮಾಡು ಓರೆಯಾಗಿ, ಗೋಡೆ ಮೊಣಕಾಲಿನ ಮೇಲಕ್ಕೆ ನಿಂತು, ಅದರ ಕೆಳಗಿನಿಂದ ಪೆಸಿಫಿಕ್ ಸಾಗರದ ಗಾಳಿಯೆಲ್ಲ ಒಳಗೆ ನುಗ್ಗಿತು. ಟವಲು ಹೊತ್ತ ಜನ ಹಾದುಹೋಗುತ್ತ, ನಮ್ಮ ಕಡೆ ನೋಡಿ, ನೋಡದವರಂತೆ ಮುಖ ತಿರುಗಿಸಿದರು. ಮಾವನ ವಠಾರ ಅವರೆದುರಿಗೇ ಹರಿದುಹೋಗುತ್ತಿತ್ತು.

ಮಾವ ಐಸ್ ಪೆಟ್ಟಿಗೆಯ ಮೇಲೆ ಕುಳಿತರು. ನೀಲಿ ಪುಸ್ತಕ ತೆಗೆದರು, ನೋಡಿದರು, ಮುಚ್ಚಿದರು. "ಇವಳು ಹೋಗ್ಬಿಡ್ತಾಳೆ ಕಣೋ," ಎಂದರು. ಹ್ಞುಂ ಕೂಡ ಇರಲಿಲ್ಲ ಆ ಮಾತಿನ ಮೊದಲು.

ಅಷ್ಟರಲ್ಲಿ ಅತ್ತೆ ಟೀ ಲೋಟಗಳನ್ನು ಹಿಡಿದು ಕ್ಯಾರವಾನಿನಿಂದ ಇಳಿದರು. ನಿಂತು ನೋಡಿದರು. "ಇದೇನ್ರೀ, ಬೆಳೆದ ಹುಡುಗಿಗೆ ಹೋದ ವರ್ಷದ ಲಂಗ ಹಾಕಿದ ಹಾಗಿದೆ?" ಹುಲ್ಲಿನ ಮೇಲೆ ಬಿದ್ದಿದ್ದ ಸಾಸಿವೆ ಬಣ್ಣದ ಸೀರೆಯ ಕಡೆ ಅವರ ಕಣ್ಣು ಹೋಯಿತು. "ಯಾವ ಸೀರೇಲಿ ಅಳೆದ್ರಿ?"

"ಸೀರೇಲೇ ಅಳೆದೆ."

"ಯಾವ ಸೀರೆ ಅಂತ ಕೇಳ್ದೆ."

"ಕ್ಯಾರವಾನು ಅಕ್ಕ ಕೊಟ್ಟಿದ್ರಲ್ಲಿ. ಆನಿಂಗು ಇದರಲ್ಲಿ."

ಅತ್ತೆ ಲೋಟಗಳನ್ನು ಮೆಟ್ಟಿಲ ಮೇಲಿಟ್ಟರು. "ಅಯ್ಯೋ ನನ್ನ ಕರ್ಮವೇ! ನಿಮ್ಮಕ್ಕ ಕೊಟ್ಟಿದ್ದನ್ನ ನಾನು ಉಟ್ಟೇ ಇಲ್ಲ, ಬ್ಲೌಸ್ ಪೀಸ್ ಇನ್ನೂ ಸೀರೇಲೇ ಇದೆ. ಇದರದ್ದು ಕತ್ತರಿಸಿ ಹೊಲಿಸಿ, ಆ ಬ್ಲೌಸೂ ಹರಿದು, ಒಲೆ ಒರೆಸೋ ಬಟ್ಟೆ ಆಗಿ, ಅದೂ ಹೋಯ್ತು!"

ಮಾವ ಎದ್ದರು. ಟೇಪು ತೆಗೆದು ಗೋಡೆಯ ಅಂಚಿನಿಂದ ನೆಲದವರೆಗೆ ಅಳೆದರು. ಎಂಬತ್ತು ಸೆಂಟಿಮೀಟರ್. ಸರಿಯಾಗಿ ಒಂದು ಬ್ಲೌಸ್ ಪೀಸು! ಅವರ ಮಾನ ತಪ್ಪಿದ್ದರೂ ಮೊಳ ತಪ್ಪಿರಲಿಲ್ಲ.

"ಮೂವತ್ತು ವರ್ಷದಿಂದ ಒಣಗಿದ ಸೀರೆಗಳ ಇನ್ನೊಂದು ತುದಿ ಹಿಡ್ಕೊಂಡು ಮಡಿಸ್ತಿದ್ದೀರಲ್ರೀ! ಒಂದು ಉದ್ದ, ಒಂದು ಗಿಡ್ಡ ಅಂತ ಒಂದು ದಿನಾನೂ ಕಾಣ್ಲಿಲ್ವಾ?"

"ಕಾಣ್ಲಿಲ್ಲ ಕಣೇ," ಎಂದರು ಮಾವ.

ನಾನು ನಗಬೇಕಿತ್ತು. ಆದರೆ ಎರಡೂ ಸಲ ಆ ಸೀರೆಗಳ ಇನ್ನೊಂದು ತುದಿ ಹಿಡಿದಿದ್ದವನು ನಾನೇ ಅಲ್ಲವೇ?

ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಸರದಲ್ಲಿ ಸದಾ ತೂಗುವ ಪಿನ್ನುಗಳನ್ನು ಒಂದೊಂದಾಗಿ ತೆಗೆದು ಹಲ್ಲಿನಲ್ಲಿ ಕಚ್ಚಿಕೊಂಡು, ಸಾಸಿವೆ ಸೀರೆಯನ್ನು ಎರಡು ಮಡಿಕೆ ಮಾಡಿ ಆ ತೆರೆದ ಜಾಗಕ್ಕೆ ಉಡಿಸಿದರು. ಉಡಿಸಿದರು ಎಂದೇ ಹೇಳಬೇಕು, ನಿರಿಗೆ ಹಿಡಿದಿದ್ದರು! ಕೆಳಗೆ ಕಲ್ಲು ಹೇರಿದರು. ಗಾಳಿ ಬಂದಾಗ ನಿರಿಗೆ ಉಬ್ಬಿ, ಕೆಂಪಂಚು ಹಾರಾಡಿತು. ಬಿಳಿ, ಬೂದಿ ಬಣ್ಣದ ಆನಿಂಗುಗಳ ಆ ಸಾಲಿನಲ್ಲಿ ನಮ್ಮದೊಂದು ಮಾತ್ರ ಸೀರೆ ಉಟ್ಟು ನಿಂತಿತ್ತು. ನಾನು ನಾಚಿಕೆಯಿಂದ ಕ್ಯಾರವಾನಿನೊಳಗೆ ಹೋಗಿ ಮಲಗಿಬಿಟ್ಟೆ.

ಬೆಳಿಗ್ಗೆ ಎದ್ದು ಕಿಟಕಿಯಲ್ಲಿ ನೋಡುತ್ತೇನೆ, ಸೀರೆಯ ಮುಂದೆ ಡ್ರೆಸ್ಸಿಂಗ್ ಗೌನ್ ತೊಟ್ಟ ಬಿಳಿ ತಲೆಯ ಹೆಂಗಸೊಬ್ಬರು ನಿಂತಿದ್ದಾರೆ, ಬಾಯಲ್ಲಿ ಬ್ರಷ್. ಬ್ರಷ್ ಹೊರಗೆ ತೆಗೆದು, "ವಾಟ್ ಎ ಲವ್ಲಿ ಕಲರ್, ಡಿಯರ್," ಎಂದರು. ಜಗಲಿಯಲ್ಲಿ, ಅಂದರೆ ಆನಿಂಗಿನಲ್ಲಿ, ಪಾಲಕ್ ಬಿಡಿಸುತ್ತ ಕುಳಿತಿದ್ದ ಅತ್ತೆ, "ಕಮ್, ಕಮ್, ಸಿಟ್," ಎಂದರು. ಅಷ್ಟೇ. ಬ್ರಷ್ ಮತ್ತೆ ಬಾಯಿಗೆ ಹೋಗಲು ಮುಕ್ಕಾಲು ಗಂಟೆ ಹಿಡಿಯಿತು.

ಮಧ್ಯಾಹ್ನಕ್ಕೆ ಇಬ್ಬರು ಬಂದರು. ಮಾರನೆಯ ದಿನ ಒಬ್ಬಾಕೆ ಬುಟ್ಟಿ ತುಂಬ ಪ್ಲಮ್ ತಂದರು, ಚಿತ್ರಾನ್ನದ ಡಬ್ಬಿ ಹಿಡಿದು ಹೋದರು. ಅತ್ತೆಯ ಇಂಗ್ಲಿಷಿನಲ್ಲಿ ಕ್ರಿಯಾಪದಗಳು ಕಡಿಮೆ. ಆದರೂ ನಾಲ್ಕನೆಯ ದಿನದ ಊಟಕ್ಕೆ ಇಡೀ ಕ್ಯಾಂಪಿನ ವಂಶವೃಕ್ಷ ನಮ್ಮೆದುರಿಗಿತ್ತು.

"ಆ ನೀಲಿ ಟೆಂಟಿನವಳ ಅಳಿಯ ಮಾತೇ ಆಡಲ್ವಂತೆ ಕಣೋ, ಪಾಪ. ಮೂಲೆ ಕ್ಯಾರವಾನಿನವರು ಅಣ್ಣ ತಮ್ಮ, ದೋಣಿ ವಿಷಯಕ್ಕೆ ಮುನಿಸ್ಕೊಂಡಿದ್ದಾರೆ. ನಾಳೆ ಇಬ್ಬರನ್ನೂ ಒಟ್ಟಿಗೆ ಟೀಗೆ ಕರೆದಿದ್ದೀನಿ."

ನಾನು ಬಿಳಿ ತಲೆಯ ಹೆಂಗಸಿನ ದನಿಯಲ್ಲಿ, "ವಾಟ್ ಎ ಲವ್ಲಿ ಚಿತ್ರಾನ್ನ, ಡಿಯರ್" ಎಂದೆ. ಅತ್ತೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಮಾವ ನಗಲಿಲ್ಲ. ಮಾರ್ಚಿಗೆ ಎಷ್ಟು ದಿನವಿದೆ ಎಂದು ಅವರ ಬೆರಳು ಮೇಜಿನ ಕೆಳಗೆ ಎಣಿಸುತ್ತಿತ್ತು, ನನಗೆ ಕಾಣಿಸಿತು.

ಹೊರಡುವ ದಿನ ಬೆಳಿಗ್ಗೆ ಅತ್ತೆ ಪಿನ್ನುಗಳನ್ನು ಬಿಚ್ಚಿ ಸರಕ್ಕೆ ಸಿಕ್ಕಿಸಿಕೊಂಡರು. ಸೀರೆಯನ್ನು ಕೊಡವಿ, ಒಂದು ತುದಿಯನ್ನು ಮಾವನಿಗೆ ಕೊಟ್ಟರು. ಇಬ್ಬರೂ ಹುಲ್ಲಿನ ಮೇಲೆ ಎದುರುಬದುರಾಗಿ ನಿಂತರು, ನಡುವೆ ಆ ಸಾಸಿವೆ ಬಣ್ಣ, ಎಂಬತ್ತು ಸೆಂಟಿಮೀಟರ್ ಕಡಿಮೆಯದು.

"ಇದು ಸಾಲದು ಕಣ್ರೀ," ಎಂದರು ಅತ್ತೆ. "ಮುಂದಿನ ವರ್ಷ ನಿಮ್ಮಕ್ಕ ಕೊಟ್ಟಿದ್ದನ್ನೇ ತರೋಣ. ನಿರಿಗೆ ದಂಡಿಯಾಗಿ ಬರುತ್ತೆ."

ಮಾವನ ಒಂದು ಕೈ ಜೇಬಿನ ನೀಲಿ ಪುಸ್ತಕದ ಕಡೆಗೆ ಹೋಯಿತು.

"ಮುಂದಿನ ವರ್ಷ ಅಂದ್ರೆ... ಲೇ, ಸರಿಯಾಗಿ ಎಷ್ಟು ತಿಂಗಳಿಗೆ?"

"ಅಳೀಬೇಡಿ. ಸುಮ್ನೆ ತುದಿ ಹಿಡ್ಕೊಂಡು ಬನ್ನಿ ಈ ಕಡೆ."

ಮಾವ ಬಂದರು.